ಐದು ಗಂಟೆಯ ಗುರುತು

4 ಜೂನ್ 1994

ತಮ್ಮನಿಗೆ,

ಎರಡು ವರ್ಷದಿಂದ ನಿನಗೆ ಒಂದು ಸಾಲೂ ಬರೆದಿಲ್ಲ. ಈಗಲೂ ನಿನ್ನ ಕ್ಷೇಮಸಮಾಚಾರ ಕೇಳಲು ಬರೆಯುತ್ತಿಲ್ಲ. ಕೆಲಸವಿದೆ, ಅದಕ್ಕೆ ಬರೆಯುತ್ತಿದ್ದೇನೆ.

ಅಮ್ಮ ಹಾಸಿಗೆ ಹಿಡಿದು ನಾಲ್ಕು ತಿಂಗಳಾಯಿತು. ಮೂವತ್ತೊಂದು ವರ್ಷ ಗಿರಣಿಯ ಹತ್ತಿ ಹಿಂಜುವ ವಿಭಾಗದಲ್ಲಿ ನಿಂತದ್ದು ಈಗ ಎದೆಯೊಳಗಿಂದ ಮಾತಾಡುತ್ತಿದೆ. ಡಾಕ್ಟರು ಇನ್ನು ಆಸ್ಪತ್ರೆಯಲ್ಲಿ ಮಾಡುವುದೇನೂ ಇಲ್ಲ ಎಂದು ಮನೆಗೆ ಕಳಿಸಿದರು. ಮೂಗಿಗೆ ನಳಿಗೆ, ಮಂಚದ ಪಕ್ಕ ಆಮ್ಲಜನಕದ ಸಿಲಿಂಡರು. ಸಿಲಿಂಡರು ಗಿರಣಿಯವರೇ ಕೊಡುತ್ತಾರೆ. ಕೊಡದೇ ಏನು, ಒಳಗಿರುವ ಹತ್ತಿ ಅವರದೇ ತಾನೇ. ಬೆಳಿಗ್ಗೆ ಬಂಡಿಯವನು ತುಂಬಿದ್ದನ್ನು ಇಳಿಸಿ ಖಾಲಿಯಾದದ್ದನ್ನು ಒಯ್ಯುತ್ತಾನೆ. ನಡುಮನೆಯಲ್ಲಿ ಕಾಲಿಡಲು ಜಾಗವಿಲ್ಲ.

ಒಂದು ಸಿಲಿಂಡರು ಮೂರು ಗಂಟೆ ಬರುತ್ತದೆ. ಮುಗಿಯುವಾಗ ಸದ್ದಿಲ್ಲ, ಸೂಚನೆಯಿಲ್ಲ. ಅದರ ಮುಳ್ಳು ಅರ್ಧಕ್ಕೆ ಬಂದು ಅಂಟಿಕೊಂಡು ಕೂತಿರುತ್ತದೆ, ಆಮೇಲೆ ಒಂದೇ ಸಲ ಬಿದ್ದುಬಿಡುತ್ತದೆ. ನಾನು ಮನೆಯಲ್ಲೇ ಅಂಗಿಯ ಕಾಲರು ಹೊಲಿಯುತ್ತೇನೆ. ಒಂದು ಕಾಲರು, ಒಂದು ಸಲ ಗಡಿಯಾರ. ಒಂದು ಕಾಲರು, ಒಂದು ಸಲ ಗಡಿಯಾರ. ಆದರೂ ಎರಡು ಸಲ ತಡವಾಗಿ ಅಮ್ಮನ ತುಟಿ ನೀಲಿಯಾಗಿತ್ತು. ಅಲಾರಂ ಗಡಿಯಾರ ಅರ್ಧ ಗಂಟೆ ಆಚೀಚೆ ಹೊಡೆಯುತ್ತದೆ, ಹೊಡೆದರೂ ಒಂದೆರಡು ಉಸಿರಿನಲ್ಲಿ ಸುಸ್ತಾಗುತ್ತದೆ.

ನೀನು ಕೆಲಸ ಕಲಿಯುವಾಗ ರೇಡಿಯೊ ಮೇಷ್ಟ್ರಿಗೆ ಮೊಟ್ಟೆ ಬೇಯಿಸಲು ಒಂದು ಪೆಟ್ಟಿಗೆ ಮಾಡಿಕೊಟ್ಟಿದ್ದೆ. ಬೇಕಾದಷ್ಟು ಹೊತ್ತಿಗೆ ತಿರುಗಿಸಿ ಇಟ್ಟರೆ ಕೂಗುತ್ತಿತ್ತು, ನಾವು ನಿಲ್ಲಿಸುವ ತನಕ. ಅದನ್ನು ಹೇಗೆ ಮಾಡುವುದೆಂದು ಬರೆ. ಬೆಸುಗೆ ಹಾಕಲು ನನಗೆ ಬರುತ್ತದೆ, ನಿನ್ನ ಪಕ್ಕ ಟಾರ್ಚು ಹಿಡಿದು ನಿಂತವಳು ನಾನೇ. ಬೇರೇನೂ ಬರೆಯಬೇಡ.

ಅಕ್ಕ

13 ಜೂನ್ 1994

ಅಕ್ಕನಿಗೆ,

ಬೇರೇನೂ ಬರೆಯುವುದಿಲ್ಲ. ಪೆಟ್ಟಿಗೆಯ ವಿಷಯ ಮಾತ್ರ.

ಅಂಗಡಿಯಲ್ಲಿ 555 ಎಂದು ಬರೆದಿರುವ ಎಂಟು ಕಾಲಿನ ಚಿಪ್ಪು ಕೇಳು. 4700ರ ಕಂಡೆನ್ಸರ್ ಒಂದು, ಎರಡು ಮೆಗ್ಗಿನ ವಾಲ್ಯೂಮ್ ಕಂಟ್ರೋಲ್ ಒಂದು, ಬಜರ್ ಒಂದು, ಒತ್ತುವ ಗುಂಡಿ ಒಂದು. ಬೆಸುಗೆ ಕಡ್ಡಿ, ಸೀಸ, ವೈರು, ಆರು ಸೆಲ್ಲಿನ ಡಬ್ಬಿ ನನ್ನ ತಗಡಿನ ಪೆಟ್ಟಿಗೆಯಲ್ಲಿವೆ, ನೀನು ಅದನ್ನು ಎಸೆದಿರದಿದ್ದರೆ.

ಒಳಗೆ ನಡೆಯುವುದು ಇಷ್ಟೇ. ಕಂಡೆನ್ಸರ್ ಒಂದು ಕೊಡ. ವಾಲ್ಯೂಮ್ ಅದಕ್ಕೆ ನೀರು ಬಿಡುವ ನಲ್ಲಿ. ಕೊಡ ಮೂರರಲ್ಲಿ ಎರಡು ಪಾಲು ತುಂಬಿದ ಕೂಡಲೇ ಚಿಪ್ಪು ಅದನ್ನು ಬರಿದು ಮಾಡಿ ಬಜರನ್ನು ಕೂಗಿಸುತ್ತದೆ. ನಲ್ಲಿಯನ್ನು ಬಿಗಿ ಮಾಡಿದಷ್ಟೂ ಕೊಡ ನಿಧಾನ ತುಂಬುತ್ತದೆ, ಹೊತ್ತು ಹೆಚ್ಚುತ್ತದೆ. ಇನ್ನೂ ಹೆಚ್ಚು ಹೊತ್ತು ಬೇಕಾದರೆ ಎರಡು ಕೊಡ ಜೋಡಿಸಬೇಕು, ಆಗ ಸರಿಯಾಗಿ ಎರಡರಷ್ಟು. ನಿನಗೆ ಒಂದೇ ಸಾಕು, ಮೂರು ಗಂಟೆ ಬರುತ್ತದೆ. ಗುಂಡಿ ಒತ್ತಿದರೆ ಕೂಗು ನಿಲ್ಲುತ್ತದೆ, ಲೆಕ್ಕ ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಯಾವ ಕಾಲಿಗೆ ಯಾವುದು ಎಂದು ಚಿತ್ರ ಬರೆದಿದ್ದೇನೆ. ಇಲ್ಲಿ ನಮ್ಮ ಪತ್ರಗಳನ್ನು ಗುಮಾಸ್ತರು ಓದಿ ಠಸ್ಸೆ ಹಾಕಿಯೇ ಬಿಡುವುದು. ಚಿತ್ರ ನೋಡಿ ಅವರ ಕನ್ನಡಕ ಮೂಗಿನ ತುದಿಗೆ ಇಳಿಯಿತು. "ಏನಪ್ಪಾ ಇದು, ಜೈಲಲ್ಲಿ ಕೂತ್ಕೊಂಡು ಬಾಂಬ್ ಮಾಡೋದು ಹೇಳ್ಕೊಡ್ತಿದೀಯಾ?" ಅಂದರು. ಅಮ್ಮನ ವಿಷಯ ಹೇಳಿದೆ. ಠಸ್ಸೆ ಹಾಕಿದರು. "ನಮ್ಮನೇಲಿ ದಿನಾ ಹಾಲು ಉಕ್ಕುತ್ತೆ ಕಣಯ್ಯಾ, ಅದಕ್ಕೂ ಆಗುತ್ತಾ?" ಎಂದೂ ಕೇಳಿದರು.

ಅಕ್ಕ, ಬರೆಯಬೇಡ ಎಂದದ್ದನ್ನು ಬರೆದಿಲ್ಲ. ಆದರೆ ನಿನ್ನ ಕಾಗದ ಅಂಗಿಯ ಜೇಬಿನಲ್ಲೇ ಇದೆ.

ನಿನ್ನ ತಮ್ಮ

2 ಜುಲೈ 1994

ಮೊಂಡನಿಗೆ,

ಪೆಟ್ಟಿಗೆ ಕೂಗಿತು.

ಸುಲಭಕ್ಕೆ ಕೂಗಲಿಲ್ಲ. ಮೊದಲ ಚಿಪ್ಪನ್ನು ತಿರುಗಾಮುರುಗಾ ಹಾಕಿ ಸುಟ್ಟೆ. ಅಂಗಡಿಯವನಿಗೆ ಹೇಳಿದರೆ, "ಅಮ್ಮಾ, ಇದು ಗುಂಡಿ ಹೊಲಿದ ಹಾಗಲ್ಲ" ಅಂದ. "ಗುಂಡಿ ಹೊಲಿಯೋದು ನಿನಗೆ ಬರುತ್ತಾ?" ಎಂದು ಕೇಳಿದೆ. ಇನ್ನೊಂದು ಕೊಟ್ಟ. ಬೆರಳು ಎರಡು ಕಡೆ ಸುಟ್ಟಿದೆ. ಎರಡು ದಿನ ಗಡಿಯಾರದ ಮುಂದೆ ಕೂತು, ನಾಬಿನ ಸುತ್ತ ರಟ್ಟು ಅಂಟಿಸಿ, ಅರ್ಧ ಗಂಟೆ, ಒಂದು, ಒಂದೂವರೆ ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿದೆ. ಎರಡೂವರೆಯ ಗುರುತಿಗೆ ಕೆಂಪು ದಾರ ಅಂಟಿಸಿದ್ದೇನೆ. ಅಲ್ಲಿಟ್ಟರೆ ಸಿಲಿಂಡರು ಮುಗಿಯಲು ಅರ್ಧ ಗಂಟೆ ಇರುವಾಗ ಕೂಗುತ್ತದೆ. ಒಂದು ನಿಮಿಷ ಹೆಚ್ಚಿಲ್ಲ, ಕಡಿಮೆಯಿಲ್ಲ. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಒಂದೇ ತೊಂದರೆ. ಅದರ ಕೂಗಿಗೆ ಅಮ್ಮ ಬೆಚ್ಚಿಬೀಳುತ್ತಾಳೆ, ಕೆಮ್ಮು ಹತ್ತಿಕೊಳ್ಳುತ್ತದೆ. ಅದಕ್ಕೆ ನಾನು ಮಲಗುವಾಗ ನನ್ನ ದಿಂಬಿನಡಿ ಇಟ್ಟುಕೊಳ್ಳುತ್ತೇನೆ, ಕೂಗಿದ ಕೂಡಲೇ ಒತ್ತಿಬಿಡಬಹುದು. ಮೊನ್ನೆ ನಿದ್ದೆಗಣ್ಣಿನಲ್ಲಿ ಒತ್ತಿ ಮತ್ತೆ ಮಲಗಿಬಿಟ್ಟಿದ್ದೇನೆ! ಹತ್ತು ನಿಮಿಷಕ್ಕೆ ಎಚ್ಚರವಾಯಿತು, ಎದ್ದು ಓಡಿ ಸಿಲಿಂಡರು ಬದಲಿಸಿದೆ. ಏನೂ ಆಗಲಿಲ್ಲ.

ನಿನ್ನ ಹೆಸರನ್ನು ಅಮ್ಮ ಎತ್ತುವುದಿಲ್ಲ. ಆದರೆ ಪೆಟ್ಟಿಗೆ ಕೂಗಿದರೆ "ಎದ್ದ ನೋಡು" ಅನ್ನುತ್ತಾಳೆ.

ನಿನ್ನ ಅಕ್ಕ

14 ಜುಲೈ 1994

ಅಕ್ಕನಿಗೆ,

"ಎದ್ದ ನೋಡು" ಎಂಬುದನ್ನು ಎಷ್ಟು ಸಲ ಓದಿದೆನೋ. ಇಲ್ಲಿ ಪಕ್ಕದ ಹಾಸಿಗೆಯವನು, "ಏನು, ಬಿಡುಗಡೆ ಆರ್ಡರ್ ಬಂತಾ?" ಎಂದು ಕೇಳಿದ.

ದಯವಿಟ್ಟು ಪೆಟ್ಟಿಗೆಯನ್ನು ದಿಂಬಿನಡಿ ಇಡಬೇಡ. ಬಟ್ಟೆ ಸುತ್ತಿ ಸದ್ದು ಕಡಿಮೆ ಮಾಡಿ, ಎದ್ದು ನಾಲ್ಕು ಹೆಜ್ಜೆ ನಡೆದು ಒತ್ತುವ ಜಾಗದಲ್ಲಿ ಇಡು. ಲಿಫ್ಟಿನ ಕೆಲಸದಲ್ಲಿ ನನಗೆ ಮೊದಲು ಕಲಿಸಿದ್ದೇ ಅದು: ಅಪಾಯದ ಎಚ್ಚರಿಕೆಯನ್ನು ನಿಲ್ಲಿಸುವ ಗುಂಡಿ ಸಲೀಸಾಗಿ ಕೈಗೆ ಸಿಗಬಾರದು. ಕಲಿತೆ, ಪಾಲಿಸಲಿಲ್ಲ.

ಈ ಮಾತು ಬಂದೇಬಿಟ್ಟಿತು, ಆದ್ದರಿಂದ ಒಂದೇ ಸಲ ಬರೆದುಬಿಡುತ್ತೇನೆ. ಆ ಲಿಫ್ಟಿನ ಬಾಗಿಲ ಸ್ವಿಚ್ಚಿಗೆ ವೈರು ಕಟ್ಟಿ, ಬಾಗಿಲು ತೆರೆದಿದ್ದರೂ ಓಡುವ ಹಾಗೆ ಮಾಡಿದವನು ನಾನು. ಹೊಸ ಸ್ವಿಚ್ಚು ಬರಲು ಒಂದು ವಾರವಿತ್ತು, ಮಾಲೀಕರಿಗೆ ಅವಸರವಿತ್ತು. ನೆಲ ಒರೆಸುವ ಹೆಂಗಸು ಲಿಫ್ಟು ಇದೆ ಎಂದುಕೊಂಡು ಕಾಲಿಟ್ಟಳು, ಇರಲಿಲ್ಲ. ಅದಕ್ಕಿಂತ ದೊಡ್ಡ ತಪ್ಪು ನಿನಗೆ ಸುಳ್ಳು ಹೇಳಿದ್ದು. ನೀನು ಆ ಹೆಂಗಸಿನ ಮನೆಗೆ ಹೋಗಿ ಅವಳ ಮಕ್ಕಳೆದುರು ನನ್ನ ಪರವಾಗಿ ಮಾತಾಡಿ ಬರುತ್ತೀ ಎಂದು ನಾನು ಎಣಿಸಿರಲಿಲ್ಲ.

ಹಳೆಯ ಗುಮಾಸ್ತರಿಗೆ ವರ್ಗವಾಯಿತು. ಹೊಸಬರು ನಗುವವರಲ್ಲ.

ನಿನ್ನ ತಮ್ಮ

1 ಆಗಸ್ಟ್ 1994

ಮೊಂಡನಿಗೆ,

ಲಿಫ್ಟಿನ ವಿಷಯಕ್ಕೆ ಉತ್ತರ ಬರೆಯಲು ಕೂತೆ, ಆಗಲಿಲ್ಲ. ಇನ್ನೊಂದು ದಿನ ಬರೆಯುತ್ತೇನೆ.

ಈಗ ಗಿರಣಿಯವರು ದೊಡ್ಡ ಸಿಲಿಂಡರು ಕೊಡಲು ಶುರುಮಾಡಿದ್ದಾರೆ. ಒಂದು ಆರು ಗಂಟೆ ಬರುತ್ತದೆ. ಹಾಗಾದರೆ ಪೆಟ್ಟಿಗೆ ಐದು ಗಂಟೆಗೆ ಕೂಗಿದರೆ ಸಾಕು. ಐದು ಗಂಟೆ! ಎರಡು ತಿಂಗಳಿಂದ ನಾನು ಒಂದೇ ಸಮ ಎರಡೂವರೆ ಗಂಟೆಗಿಂತ ಹೆಚ್ಚು ಮಲಗಿಲ್ಲ. ಹೊಲಿಯುವಾಗ ಸೂಜಿ ಎರಡೆರಡಾಗಿ ಕಾಣುತ್ತದೆ. ನಿನ್ನೆ ಒಂದು ಕಾಲರನ್ನು ಇನ್ನೊಂದು ಕಾಲರಿಗೇ ಹೊಲಿದಿದ್ದೇನೆ.

ಎರಡು ಕೊಡ ಜೋಡಿಸಿದರೆ ಎರಡರಷ್ಟು ಎಂದು ಬರೆದಿದ್ದೆಯಲ್ಲ. ಅಂಗಡಿಯಲ್ಲಿ ಆ ಕಂಡೆನ್ಸರ್ ಮುಗಿದಿದೆ, ಬರುವ ತಿಂಗಳು ಬರಬಹುದಂತೆ. ನಿನ್ನ ತಗಡಿನ ಪೆಟ್ಟಿಗೆಯಲ್ಲಿ ನೀಲಿ ಬಣ್ಣದ ಗುಂಡನೆಯದೊಂದಿದೆ, ಅದೇ 4700 ಎಂದು ಬರೆದಿದೆ, ಯಾವುದೋ ಹಳೇ ರೇಡಿಯೊದಿಂದ ಕಿತ್ತದ್ದು. ಅದನ್ನು ಜೋಡಿಸಲೇ? ಬೇಗ ಬರೆ. ಅಮ್ಮನಿಗೆ ಈಗ ನಳಿಗೆ ತೆಗೆದು ಬಾಯಿ ಒರೆಸುವಷ್ಟು ಹೊತ್ತೂ ತಡೆಯುವುದಿಲ್ಲ. ಪೆಟ್ಟಿಗೆ ಇನ್ನೂ ದಿಂಬಿನಡಿಯೇ ಇದೆ, ಬಯ್ಯಬೇಡ.

ನಿನ್ನ ಅಕ್ಕ

9 ಆಗಸ್ಟ್ 1994

ಅಕ್ಕನಿಗೆ,

ಜೋಡಿಸಬೇಡ. ಆ ನೀಲಿಯದನ್ನು ಮುಟ್ಟಬೇಡ.

ಹತ್ತು ವರ್ಷ ಡಬ್ಬಿಯಲ್ಲಿ ಬಿದ್ದಿದ್ದ ಕಂಡೆನ್ಸರ್ ತೂತುಬಿದ್ದ ಕೊಡ. ನಲ್ಲಿಯನ್ನು ಜೋರಾಗಿ ಬಿಟ್ಟಾಗ ತುಂಬಿದಂತೆ ಕಾಣುತ್ತದೆ, ಅಂದರೆ ಅರ್ಧ ಗಂಟೆಗೆ ಇಟ್ಟರೆ ಸರಿಯಾಗಿ ಕೂಗುತ್ತದೆ. ಐದು ಗಂಟೆಗೆ ಇಟ್ಟರೆ ನಲ್ಲಿಯಿಂದ ಹನಿ ಹನಿ ಬಂದದ್ದೆಲ್ಲ ತೂತಿನಲ್ಲಿ ಸೋರಿಹೋಗುತ್ತದೆ. ಹತ್ತು ಗಂಟೆಗೆ ಕೂಗಬಹುದು, ಕೂಗದೆಯೂ ಇರಬಹುದು. ಇನ್ನೊಂದು ಕೇಡೆಂದರೆ, ಕರೆಂಟಿನಲ್ಲಿ ಬಹಳ ಹೊತ್ತು ಇದ್ದರೆ ಆ ತೂತು ತಾನೇ ಮುಚ್ಚಿಕೊಳ್ಳುವುದೂ ಉಂಟು. ಇಂದು ಕೈಕೊಟ್ಟದ್ದು ನಾಳೆ ಸರಿಯಾಗಿ ಹೊಡೆಯುತ್ತದೆ. ಅದನ್ನು ನಂಬಿ ಮಲಗುವ ಹಾಗಿಲ್ಲ. ಮೊದಲ ಪತ್ರದಲ್ಲೇ ಬರೆಯಬೇಕಿತ್ತು, ತಲೆಗೆ ಹೊಳೆಯಲಿಲ್ಲ.

ಹೊಸದು ಬರುವ ತನಕ ಕೆಂಪು ದಾರದ ಗುರುತಿನಲ್ಲೇ ಇಡು. ಅರ್ಧ ನಿದ್ದೆಯಾದರೂ ಸರಿ. ಹೇಗೆ ಸೋರುತ್ತದೆಂದು ಕೆಳಗೆ ಚಿತ್ರ ಬರೆದಿದ್ದೇನೆ.

ನಿನ್ನ ತಮ್ಮ

20 ಆಗಸ್ಟ್ 1994

ತಮ್ಮನಿಗೆ,

ಅಮ್ಮ ಮಂಗಳವಾರ ಹೋದಳು. ಹದಿನಾರನೇ ತಾರೀಖು. ಎಲ್ಲ ಮುಗಿಯಿತು.

ನಿನ್ನ ಉತ್ತರಕ್ಕೆ ಎರಡು ವಾರ ಕಾದೆ. ಬರಲಿಲ್ಲ. ಮಂಗಳವಾರ ಬೆಳಿಗ್ಗೆ ನಾನೇ ನೀಲಿಯದನ್ನು ಬೆಸೆದೆ. ಅರ್ಧ ಗಂಟೆಗೆ ಇಟ್ಟು ನೋಡಿದೆ, ಸರಿಯಾಗಿ ಕೂಗಿತು. ಏಳಕ್ಕೆ ಹೊಸ ಸಿಲಿಂಡರು ಹಾಕಿ, ನಾಬನ್ನು ಕೆಂಪು ದಾರಕ್ಕೆ, ಎಂದರೆ ಈಗ ಐದು ಗಂಟೆಗೆ, ತಿರುಗಿಸಿ, ಗುಂಡಿ ಒತ್ತಿದೆ. ಹನ್ನೆರಡಕ್ಕೆ ಕೂಗಬೇಕು, ಒಂದಕ್ಕೆ ಸಿಲಿಂಡರು ಮುಗಿಯಬೇಕು. ಒಂಬತ್ತರ ತನಕ ಹೊಲಿದು ಮಲಗಿದೆ. "ಮಲಕ್ಕೋ ಹೋಗು, ನಾನೆಲ್ಲಿ ಓಡಿಹೋಗ್ತೀನಿ" ಅಂದಳು ಅಮ್ಮ. ಅಷ್ಟು ಹೇಳಲು ಮೂರು ಸಲ ಉಸಿರು ತೆಗೆದುಕೊಂಡಳು.

ಎರಡು ಗಂಟೆಗೆ ಕಾಲರಿನ ಕಟ್ಟು ಒಯ್ಯುವವನು ಬಾಗಿಲು ಬಡಿದಾಗ ಎಚ್ಚರವಾಯಿತು. ಪೆಟ್ಟಿಗೆ ದಿಂಬಿನಡಿ ಸುಮ್ಮನಿತ್ತು. ಅಮ್ಮ ನನ್ನ ಕಡೆ ತಿರುಗಿ ಮಲಗಿದ್ದಳು. ಒಂದು ಕೈ ಮಂಚದಿಂದ ಹೊರಗೆ, ನನ್ನ ಹಾಸಿಗೆಯ ಕಡೆ ಚಾಚಿತ್ತು. ಕರೆದಿರಬೇಕು. ಕರೆಯಲು ಉಸಿರೆಲ್ಲಿತ್ತು.

ಪೆಟ್ಟಿಗೆ ಕೂಗಲೇ ಇಲ್ಲ ಎಂದುಕೊಂಡೆ. ಹಾಗೆ ಅಂದುಕೊಂಡೇ ಆ ಮಧ್ಯಾಹ್ನ ಕಳೆದೆ. ಸಂಜೆ ಐದಕ್ಕೆ ಮನೆ ತುಂಬ ಜನರಿದ್ದಾಗ ದಿಂಬಿನಡಿಯಿಂದ ಅದು ಕೂಗಿತು. ಪಕ್ಕದ ಮನೆಯಾಕೆ ಚೀರಿಕೊಂಡಳು. ನಾನು ನಿಂತಲ್ಲೇ ಲೆಕ್ಕ ಹಾಕಿದೆ. ಐದಕ್ಕೆ ಕೂಗಿತು ಎಂದರೆ ಅದಕ್ಕೆ ಐದು ಗಂಟೆ ಹಿಂದೆ, ಹನ್ನೆರಡಕ್ಕೆ, ಯಾರೋ ಗುಂಡಿ ಒತ್ತಿದ್ದಾರೆ. ಹನ್ನೆರಡಕ್ಕೆ ಅದು ಕೂಗಿದೆ. ನಾನು ನಿದ್ದೆಯಲ್ಲಿ ಒತ್ತಿ ಮತ್ತೆ ಮಲಗಿದ್ದೇನೆ.

ನಿನ್ನೆ ಮತ್ತೆ ಐದು ಗಂಟೆಗೆ ಇಟ್ಟು ಎದುರಿಗೆ ಕೂತೆ. ಐದು ಗಂಟೆ ಮೂರು ನಿಮಿಷಕ್ಕೆ ಕೂಗಿತು. ನಿನ್ನ ಪೆಟ್ಟಿಗೆಯಲ್ಲಿ ತಪ್ಪಿಲ್ಲ.

ಅಕ್ಕ

29 ಆಗಸ್ಟ್ 1994

ಅಕ್ಕಾ,

ನೀನು ಒತ್ತಿಲ್ಲ. ಕೇಳು, ನೀನು ಒತ್ತಿಲ್ಲ.

ಅಮ್ಮನಿಗಾಗಿ ಅಳುವುದನ್ನು ಆಮೇಲೆ ಮಾಡುತ್ತೇನೆ. ಒಂಬತ್ತನೇ ತಾರೀಖೇ ನಿನಗೆ ಬರೆದಿದ್ದೆ, ನೀಲಿಯದನ್ನು ಮುಟ್ಟಬೇಡ ಎಂದು. ಅದು ತಲುಪಿಲ್ಲ. ಹಳೆಯ ಕಂಡೆನ್ಸರ್ ಸೋರುತ್ತದೆ. ಏಳಕ್ಕೆ ಇಟ್ಟದ್ದು ತುಂಬಲಾರದೆ ತುಂಬಲಾರದೆ ಹತ್ತು ಗಂಟೆ ತೆಗೆದುಕೊಂಡು ಐದಕ್ಕೆ ಕೂಗಿದೆ, ಅಷ್ಟೇ. ಹನ್ನೆರಡಕ್ಕೆ ಅದು ಕೂಗಲೇ ಇಲ್ಲ. ಆ ಹತ್ತು ಗಂಟೆ ಕರೆಂಟಿನಲ್ಲಿದ್ದು ಸೋರಿಕೆ ಮುಚ್ಚಿಕೊಂಡಿತು, ಅದಕ್ಕೇ ನೀನು ಪರೀಕ್ಷೆ ಮಾಡಿದಾಗ ಸರಿಯಾಗಿ ಹೊಡೆಯಿತು. ಯಾವ ರೇಡಿಯೊ ರಿಪೇರಿಯವನನ್ನು ಬೇಕಾದರೂ ಕೇಳು, ಹೀಗಾಗುವುದುಂಟು.

ಇಂದು ಗುಮಾಸ್ತರ ಬಳಿ ಹೋಗಿ ಒಂಬತ್ತನೇ ತಾರೀಖಿನ ಪತ್ರ ಏನಾಯಿತೆಂದು ಕೇಳಿದೆ. "ಚಿತ್ರ ಇದೆಯಲ್ಲ, ಮೇಲಿನವರು ನೋಡ್ಬೇಕು" ಅಂದರು. ಇಪ್ಪತ್ತು ದಿನದಿಂದ ಅವರ ಮೇಜಿನ ಖಾನೆಯಲ್ಲೇ ಇದೆ. ಕಾಲು ಹಿಡಿದೆ. ಎಳೆದು ಹೊರಗೆ ಹಾಕಿದರು. ಆ ಪತ್ರ ಬಂದರೆ ನಿನಗೇ ಗೊತ್ತಾಗುತ್ತದೆ.

ಕೊಲ್ಲುವ ತಪ್ಪು ನನಗೆ ಹೊಸದಲ್ಲ, ಇದೂ ನನ್ನ ಮೇಲೇ ಇರಲಿ. ಎರಡು ಕೊಡ ಜೋಡಿಸು ಎಂದು ಕಲಿಸಿದವನು ನಾನು.

ನಿನ್ನ ತಮ್ಮ

11 ಸೆಪ್ಟೆಂಬರ್ 1994

ತಮ್ಮನಿಗೆ,

ಬಿಡಿಭಾಗದ ಅಂಗಡಿಯವನನ್ನು ಕೇಳಿದೆ. "ಸೋರೋದು ಉಂಟು. ಆದ್ರೆ ಸೋರುತ್ತಿದ್ದದ್ದು ಈಗ ಸರಿಯಾಗಿ ಹೊಡೀತಿದೆ ಅಂದ್ರೆ ನಾನು ಹೇಗೆ ಹೇಳ್ಲಮ್ಮಾ" ಅಂದ. ಅವನನ್ನು ದೂರಿ ಏನು ಬಂತು.

ಬಂಡಿಯವನು ಸಿಲಿಂಡರುಗಳನ್ನು ಒಯ್ದ. ನಡುಮನೆಯಲ್ಲಿ ಈಗ ಬೇಕಾದಷ್ಟು ಜಾಗ. ಹೊಲಿಯಲು ಕೂತರೆ ಒಂದು ಕಾಲರು ಮುಗಿದ ಕೂಡಲೇ ಕತ್ತು ತಾನೇ ಗಡಿಯಾರದ ಕಡೆ ತಿರುಗುತ್ತದೆ. ನಿದ್ದೆ ಮಾಡಬಹುದು, ಯಾರೂ ಬೇಡವೆನ್ನುವುದಿಲ್ಲ, ಬರುವುದಿಲ್ಲ.

ನೀನು ಹೇಳಿದ್ದು ನಿಜವಾಗಿರಲಿ ಎಂದು ನನಗೆ ಎಷ್ಟು ಆಸೆಯಿದೆ ಎಂದು ಬರೆದರೆ ನಿನಗೆ ಅರ್ಥವಾಗಲಿಕ್ಕಿಲ್ಲ. ಆ ಪತ್ರ ಕಳಿಸು. ಹದಿನಾರಕ್ಕೆ ಮೊದಲು ಬರೆದದ್ದೆಂದು ಕಂಡರೆ ಸಾಕು. ಅಂಚೆಯವನ ದಾರಿ ಕಾಯುತ್ತೇನೆ.

ಅಕ್ಕ

26 ಸೆಪ್ಟೆಂಬರ್ 1994

ಅಕ್ಕಾ,

ಕೊನೆಗೂ ಬಿಟ್ಟರು! ನಿನ್ನೆ ನನ್ನ ಕಣ್ಣೆದುರೇ ಠಸ್ಸೆ ಹಾಕಿ ಚೀಲಕ್ಕೆ ಹಾಕಿದರು. ಇದಕ್ಕಿಂತ ಒಂದು ದಿನ ಮೊದಲೇ ನಿನ್ನ ಕೈಗೆ ಸಿಕ್ಕಿರುತ್ತದೆ. ಮೇಲೆ ತಾರೀಖಿದೆ, ನೋಡು. ಹತ್ತು ಗಂಟೆಗೆ ಕೂಗಬಹುದು ಎಂದು ಅದರಲ್ಲೇ ಬರೆದಿದ್ದೇನೆ, ಅಮ್ಮ ಇನ್ನೂ ಇದ್ದಾಗ. ಇನ್ನು ನೀನು ಹೊಟ್ಟೆ ತುಂಬ ಉಂಡು ಮಲಗು.

ನಿನ್ನ ತಮ್ಮ

8 ಅಕ್ಟೋಬರ್ 1994

ಮೊಂಡನಿಗೆ,

ಪತ್ರ ಬಂತು. ನಿಂತುಕೊಂಡೇ ಓದಿದೆ. ಓದಿ ನೆಲದ ಮೇಲೆ ಕೂತು ಅತ್ತೆ, ಅಮ್ಮ ಹೋದ ದಿನವೂ ಹಾಗೆ ಅತ್ತಿರಲಿಲ್ಲ. ಒಂದು ಗಂಟೆಯ ಹೊತ್ತು ನಾನು ನಿನ್ನನ್ನು ನಂಬಿದ್ದೆ. ಎದ್ದು ಮುಖ ತೊಳೆದೆ, ಟೀ ಮಾಡಿಕೊಂಡು ಕುಡಿದೆ.

ಆಮೇಲೆ ಇನ್ನೊಂದು ಸಲ ಓದಿದೆ. ಮೇಲೆ ಒಂಬತ್ತನೇ ಆಗಸ್ಟ್ ಎಂದು ಬರೆದವನು ನೀನು. ಠಸ್ಸೆಯಲ್ಲಿರುವುದು ಇಪ್ಪತ್ತೈದನೇ ಸೆಪ್ಟೆಂಬರ್. ಅರ್ಧ ಗಂಟೆಗೆ ಇಟ್ಟರೆ ಸರಿಯಾಗಿ ಕೂಗುತ್ತದೆ, ಐದು ಗಂಟೆಗೆ ಇಟ್ಟರೆ ಹತ್ತಕ್ಕೆ ಕೂಗುತ್ತದೆ, ಮರುದಿನ ಸರಿಹೋಗುತ್ತದೆ: ನಾನು ನಿನಗೆ ಬರೆದು ತಿಳಿಸಿದ್ದಕ್ಕೆಲ್ಲ ಅಳತೆ ತೆಗೆದು ಹೊಲಿದ ಹಾಗಿದೆ. ಹೊಲಿಗೆಯವಳು ನಾನು, ಇಷ್ಟು ಚೆನ್ನಾಗಿ ಕೂರುವ ಬಟ್ಟೆ ಅಳತೆ ನೋಡದೆ ಹೊಲಿದದ್ದೆಂದರೆ ಹೇಗೆ ನಂಬಲಿ?

ಮೊದಲ ಸಲ ನಿನ್ನನ್ನು ನೋಡಲು ಬಂದಾಗ ಜಾಲರಿಯ ಆಚೆಯಿಂದ ನನ್ನ ಬೆರಳು ಹಿಡಿದು, "ನಿನ್ನಾಣೆ ಅಕ್ಕಾ, ಆ ವೈರು ನಾನು ಕಟ್ಟಿಲ್ಲ" ಅಂದೆ. ಇದೇ ಮೆದು ದನಿಯಲ್ಲಿ. ನಾನು ನೇರ ಆ ಹೆಂಗಸಿನ ಮನೆಗೆ ಹೋದೆ. ಅವಳ ಎರಡು ಮಕ್ಕಳು ಮೆಟ್ಟಿಲ ಮೇಲೆ ಕೂತಿದ್ದವು. "ನನ್ನ ತಮ್ಮ ಸುಳ್ಳು ಹೇಳೋನಲ್ಲ" ಅಂದೆ. ನಿಜ ಹೊರಬಿದ್ದ ಮೇಲೆ ಯಾಕೆ ಸುಳ್ಳು ಹೇಳಿದೆಯೆಂದು ಕೇಳಿದ್ದಕ್ಕೆ ನೀನು ಹೇಳಿದ್ದು ನೆನಪಿದೆಯೇ? "ನಿನಗೆ ನೋವಾಗಬಾರದೂಂತ."

ಈಗಲೂ ನಿನಗೆ ಅದೇ ಆಸೆ. ನನ್ನ ನೋವು ಕಡಿಮೆಯಾಗುವುದಾದರೆ ಒಂದು ಹಳೆಯ ತಾರೀಖು ಬರೆಯಲು ನೀನು ಹಿಂದೆಮುಂದೆ ನೋಡುವವನಲ್ಲ. ಅಷ್ಟು ಒಳ್ಳೆಯ ತಮ್ಮ ನೀನು. ಇದು ನಿಜವೇ ಆಗಿದ್ದರೂ ನಿನ್ನ ಬಾಯಿಂದ ಬಂದದ್ದರಿಂದ ನನಗೆ ಉಪಯೋಗಕ್ಕೆ ಬರುವುದಿಲ್ಲ.

ಕೋಪದಿಂದ ಬರೆಯುತ್ತಿಲ್ಲ. ಆದರೆ ಇನ್ನು ಈ ವಿಷಯ ಬರೆಯಬೇಡ. ನೀನು ಅಲ್ಲ ಅಲ್ಲ ಎಂದಷ್ಟೂ ಆ ಗುಂಡಿ ಒತ್ತಿದ್ದು ನಾನೇ ಎಂದು ನನಗೆ ಗಟ್ಟಿಯಾಗುತ್ತಿದೆ.

ನಿನ್ನ ಅಕ್ಕ